ಗಾಳಿಯಿಂದ ಪೆಟ್ರೋಲು, ಯಾರ ಕರೆಂಟಿನಿಂದ?

ಇ20 ಬಂದು ಮೈಲೇಜು ಇಳಿದಾಗಿನಿಂದ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಹೊಸ ದೇವರೊಂದು ಹುಟ್ಟಿಕೊಂಡಿದೆ. ಹೆಸರು ಇ-ಫ್ಯೂಯಲ್. ನೀರನ್ನು ಒಡೆದು ಹೈಡ್ರೋಜನ್ ತೆಗೀತಾರಂತೆ, ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹಿಡೀತಾರಂತೆ, ಎರಡನ್ನೂ ಸೇರಿಸಿ ಅಪ್ಪಟ ಪೆಟ್ರೋಲು ಮಾಡ್ತಾರಂತೆ. ಸುಟ್ಟಾಗ ಹೊರಗೆ ಹೋಗೋದು ಗಾಳಿಯಿಂದಲೇ ತೆಗೆದ ಕಾರ್ಬನ್, ಹಾಗಾಗಿ ಲೆಕ್ಕ ಸೊನ್ನೆ. "ಇವಿ ಗಿವಿ ಎಲ್ಲಾ ಬೇಡ ಮಗಾ, ಇದು ಬರೋವರೆಗೂ ಕಾಯೋಣ" ಅಂತ ಹೇಳೋರು ಸಾಮಾನ್ಯರಲ್ಲ, ದಿನವಿಡೀ ಸಿಸ್ಟಮ್ ಡಿಸೈನ್ ಬಗ್ಗೆ ಭಾಷಣ ಬಿಗಿಯುವ ಸೀನಿಯರ್ ಆರ್ಕಿಟೆಕ್ಟುಗಳು.

ಇದು 1996ರಲ್ಲಿ ತಮಿಳುನಾಡಿನಿಂದ ಸುದ್ದಿಯಾದ ಗಿಡಮೂಲಿಕೆ ಪೆಟ್ರೋಲಿನಂಥ ಕಣ್ಕಟ್ಟಲ್ಲ. ರಸಾಯನಶಾಸ್ತ್ರ ನಿಜವಾದದ್ದೇ. ಜರ್ಮನಿಯ ಫಿಶರ್ ಮತ್ತು ಟ್ರೋಪ್ಶ್ 1925ರಲ್ಲೇ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್‌ನಿಂದ ದ್ರವ ಇಂಧನ ಮಾಡಿ ತೋರಿಸಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಆಮೇಲೆ ದಕ್ಷಿಣ ಆಫ್ರಿಕಾ, ಕಲ್ಲಿದ್ದಲಿನಿಂದ ಹೀಗೇ ಇಂಧನ ಮಾಡಿದವು. ಪೂರ್ತಿ ಸುಳ್ಳಾಗಿದ್ದರೆ ಒಂದು ವಾರಕ್ಕೆ ಬಣ್ಣ ಬಯಲಾಗುತ್ತಿತ್ತು. ಇದು ಅರ್ಧ ನಿಜ, ಅದಕ್ಕೇ ಇಷ್ಟು ದಿನ ಬಾಳ್ತಾ ಇದೆ.

ಉಳಿದರ್ಧ ಎಲ್ಲಿದೆ ಅಂತ ನೋಡೋಕೆ ಪಿಯುಸಿ ಕೆಮಿಸ್ಟ್ರಿ ಸಾಕು. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಅಂದ್ರೆ ಅದನ್ನು ಮಾಡೋಕೂ ಅಷ್ಟೇ ಬೇಕು. ಗಾಳಿಯಲ್ಲಿ ಅದು ಇರೋದು ಹತ್ತು ಲಕ್ಷಕ್ಕೆ ಸುಮಾರು 420 ಪಾಲು. ಒಂದು ಕಣವನ್ನೂ ಬಿಡದೆ ಹಿಡಿದರೂ ಲೀಟರಿಗೆ 30 ಲಕ್ಷ ಲೀಟರ್ ಗಾಳಿ ಸೋಸಬೇಕು. ಹೈಡ್ರೋಜನ್‌ ಕಥೆ ಇನ್ನೂ ಚೆನ್ನಾಗಿದೆ. ಒಂದು ಲೀಟರಿಗೆ ಹತ್ತಿರ ಹತ್ತಿರ 320 ಗ್ರಾಂ ಬೇಕು. ಕಿಲೋ ಹೈಡ್ರೋಜನ್‌ಗೆ 50 ಯೂನಿಟ್‌ಗಿಂತ ಹೆಚ್ಚು ಕರೆಂಟು ಬೇಕಾದ್ದರಿಂದ, ಅಲ್ಲಿಗೇ 16 ಯೂನಿಟ್ ಕೈಬಿಟ್ಟಿತು. ಅಷ್ಟು ಖರ್ಚು ಮಾಡಿ ತೆಗೆದ ಹೈಡ್ರೋಜನ್‌ನ ಮೂರರಲ್ಲಿ ಎರಡು ಪಾಲು ಪೆಟ್ರೋಲಿಗೆ ಸೇರೋದೇ ಇಲ್ಲ, ಕಾರ್ಬನ್ ಡೈಆಕ್ಸೈಡಿನ ಆಕ್ಸಿಜನ್ ಜೊತೆ ಕೂಡಿ ಮತ್ತೆ ನೀರಾಗಿ ಹೊರಬರುತ್ತೆ. ನೀರನ್ನು ಒಡೆದದ್ದೇ ನೀರು ಮಾಡೋಕೆ! ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅಂತಾರಲ್ಲ, ಇಲ್ಲಿ ಮೈಲಾರದಿಂದ ಹೊರಟು ಕೊಂಕಣ ಸುತ್ತಿ ವಾಪಸ್ ಮೈಲಾರಕ್ಕೇ ಬಂದಿದ್ದಾರೆ.

ಗಾಳಿ ಸೋಸೋ ಖರ್ಚೂ ಸೇರಿದರೆ ಲೀಟರಿಗೆ 20 ಯೂನಿಟ್ ದಾಟುತ್ತೆ. ಕೈಗೆ ಬಂದ ಆ ಲೀಟರಿನಲ್ಲಿರೋದು 9 ಯೂನಿಟ್‌ನಷ್ಟು ಶಕ್ತಿ. ಅದರಲ್ಲೂ ಇಂಜಿನ್ನು ಮುಕ್ಕಾಲು ಪಾಲನ್ನು ಬಿಸಿ ಮಾಡಿ ಚೆಲ್ಲುತ್ತೆ. ಉಳಿದದ್ದರಲ್ಲಿ ಕಾರು 15 ಕಿಲೋಮೀಟರ್ ಹೋಗಬಹುದು, ಔಟರ್ ರಿಂಗ್ ರೋಡಿನಲ್ಲಾದರೆ ಅದೂ ಇಲ್ಲ. ಅದೇ 20 ಯೂನಿಟ್‌ನಲ್ಲಿ ಎಲೆಕ್ಟ್ರಿಕ್ ಕಾರು 120 ಕಿಲೋಮೀಟರ್ ಆರಾಮಾಗಿ ಹೋಗುತ್ತೆ. ಎಲೆಕ್ಟ್ರಿಕ್ ಸ್ಕೂಟರಾದರೆ ಬೆಂಗಳೂರಿಂದ ಬೆಳಗಾವಿ ಮುಟ್ಟಬಹುದು. ನಮ್ಮೂರಲ್ಲಾದರೆ ಐದು ಎಚ್‌ಪಿ ಮೋಟರು ನಾಲ್ಕೈದು ಗಂಟೆ ನೀರೆತ್ತುತ್ತೆ. ನನಗೆ ಉರಿಯೋದು ಈ ಕೊನೇ ಲೆಕ್ಕಕ್ಕೆ.

ನಮ್ಮೂರಿರೋದು ತುಮಕೂರು ಜಿಲ್ಲೆಯ ಆ ಒಣ ಮೂಲೆಯಲ್ಲಿ. ತ್ರೀ ಫೇಸ್ ಕರೆಂಟು ಬರೋ ಪಾಳಿ ರಾತ್ರಿಗೆ ಬಿದ್ದರೆ ಅಪ್ಪ ಇವತ್ತಿಗೂ ಬ್ಯಾಟರಿ ಹಿಡಿದು, ಹಾವಿಗೆ ಕೋಲು ಹಿಡಿದು ಸ್ಟಾರ್ಟರ್ ಡಬ್ಬದ ಹತ್ತಿರ ಹೋಗ್ತಾರೆ. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕಿದೆ. ರೈತರ ಜಮೀನು ಗುತ್ತಿಗೆಗೆ ಹೋಯಿತು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ನಂಬಿ ಕಡಲೆಕಾಯಿ ಹಾಕ್ತಿದ್ದವರಿಗೆ ಅದು ಕೆಟ್ಟ ವ್ಯವಹಾರ ಅಂತ ನಾನು ಹೇಳಲ್ಲ. ಆದರೆ ಹೊಲವೇ ಇಲ್ಲದ ಕೂಲಿಯವರಿಗೆ ಗುತ್ತಿಗೆಯ ದುಡ್ಡೂ ಇಲ್ಲ, ಹೊಲದ ಕೆಲಸವೂ ಹೋಯಿತು. ನವೀಕರಿಸಬಹುದಾದ ಇಂಧನ ಅಂತ ನಾವು ಸ್ಲೈಡಿನಲ್ಲಿ ಹಸಿರು ಬಣ್ಣ ಬಳಿಯೋ ಕರೆಂಟಿಗೆ ಹೀಗೆ ಒಬ್ಬರ ಹೊಲ, ಒಬ್ಬರ ಕೂಲಿ ಬಿದ್ದಿರುತ್ತೆ. ಪುಗಸಟ್ಟೆ ಅಲ್ಲ ಅದು.

ಈಗ ಇಡೀ ಪಾವಗಡವನ್ನು ಇ-ಫ್ಯೂಯಲ್‌ಗೇ ಕೊಟ್ಟೆವು ಅಂತಿಟ್ಕೊಳ್ಳಿ. ವರ್ಷಕ್ಕೆ 400 ಕೋಟಿ ಯೂನಿಟ್ ಆಸುಪಾಸು ಬರುತ್ತೆ. ಇಪ್ಪತ್ತರಿಂದ ಭಾಗಿಸಿದರೆ 20 ಕೋಟಿ ಲೀಟರ್. ಈ ದೇಶ ಅಷ್ಟು ಪೆಟ್ರೋಲನ್ನು ಒಂದೂವರೆ ದಿನದಲ್ಲಿ ಕುಡಿದು ಮುಗಿಸುತ್ತೆ. ಹದಿಮೂರು ಸಾವಿರ ಎಕರೆಯ ಮೇಲೆ ವರ್ಷಪೂರ್ತಿ ಬಿದ್ದ ಬಿಸಿಲಿಗೆ ಒಂದೂವರೆ ದಿನದ ಟ್ರಾಫಿಕ್ಕು.

"ಹೆಚ್ಚುವರಿ ಕರೆಂಟಿನಿಂದ ಮಾಡ್ತಾರೆ ಬಿಡಪ್ಪ, ಮಧ್ಯಾಹ್ನ ಸೋಲಾರ್ ಸುಮ್ಮನೆ ವ್ಯರ್ಥ ಆಗ್ತಿದೆ" ಅನ್ನೋ ವಾದ ಕೇಳಿದ್ದೀನಿ. ಕೋಟಿಗಟ್ಟಲೆ ಸುರಿದು ಕಟ್ಟಿದ ಕಾರ್ಖಾನೆಯನ್ನು ದಿನಕ್ಕೆ ಎರಡು ಗಂಟೆ ಓಡಿಸಿ ಬಾಗಿಲು ಹಾಕೋ ಮಾಲೀಕನನ್ನು ನನಗೊಬ್ಬನನ್ನು ತೋರಿಸಿ. ಅವನಿಗೆ ಕರೆಂಟು ಹಗಲೂ ಬೇಕು, ರಾತ್ರಿಯೂ ಬೇಕು. ರಾತ್ರಿ ಬರೋದು ಹೆಚ್ಚಿನಂಶ ಕಲ್ಲಿದ್ದಲಿನದು. ಮಧ್ಯಾಹ್ನದ ಕರೆಂಟು ಉಳಿದರೆ ಪಂಪ್‌ಸೆಟ್‌ಗಳ ಪಾಳಿಯನ್ನೆಲ್ಲ ಹಗಲಿಗೆ ತನ್ನಿ, ಮೊದಲು ಅದಾಗಲಿ.

ಇನ್ನೊಂದು ಕೈಚಳಕ ಕಾರ್ಬನ್ ಎಲ್ಲಿಂದ ಬರುತ್ತೆ ಅನ್ನೋದರಲ್ಲಿದೆ. ಗಾಳಿಯಿಂದ ಹಿಡಿಯೋದು ದುಬಾರಿ, ಆದ್ದರಿಂದ ಸಿಮೆಂಟ್ ಕಾರ್ಖಾನೆಯ ಚಿಮಣಿಗೋ ಥರ್ಮಲ್ ಸ್ಥಾವರದ ಚಿಮಣಿಗೋ ಕೊಳವೆ ಹಾಕೋಣ ಅಂತಾರೆ. ಕಲ್ಲಿದ್ದಲಿನ ಕಾರ್ಬನ್ ಒಂದು ಸಲ ಕಾರಿನ ಟ್ಯಾಂಕಿನಲ್ಲಿ ಕೂತು ಸವಾರಿ ಮಾಡಿ, ಆಮೇಲೆ ಆಕಾಶಕ್ಕೇ ಹೋಗುತ್ತೆ. ಸ್ಥಾವರದವರು "ನಾವು ಹಿಡಿದೆವು" ಅಂತಾರೆ, ಕಾರಿನವರು "ನಮ್ಮದು ಸೊನ್ನೆ" ಅಂತಾರೆ. ಒಂದೇ ಬಿಲ್ಲನ್ನು ಇಬ್ಬರು ರೀಇಂಬರ್ಸ್ ಮಾಡಿಸಿಕೊಂಡ ಹಾಗೆ. ಸಿಲ್ಕ್ ಬೋರ್ಡಿನಲ್ಲಿ ನಿಂತವನ ಮೂಗಿಗೆ ಹೋಗೋ ನೈಟ್ರೋಜನ್ ಆಕ್ಸೈಡುಗಳಂತೂ ಅಲ್ಲೇ ಇರುತ್ತವೆ. ಇಂಜಿನ್ನಿನ ಬಿಸಿಗೆ ಗಾಳಿಯಲ್ಲಿನ ನೈಟ್ರೋಜನ್ ಸುಟ್ಟು ಹುಟ್ಟುವಂಥವು ಅವು, ಪೆಟ್ರೋಲು ನೆಲದಿಂದ ಬಂತೋ ಗಾಳಿಯಿಂದ ಬಂತೋ ಅಂತ ಕೇಳಲ್ಲ.

ಹಾಗಿದ್ದೂ ಇದಕ್ಕೆ ಇಷ್ಟು ಪ್ರಚಾರ ಯಾಕೆ? 2023ರ ಮಾರ್ಚ್ ನೋಡಿ. 2035ರ ನಂತರ ಹೊಗೆ ಬಿಡೋ ಹೊಸ ಕಾರು ಮಾರುವಂತಿಲ್ಲ ಅನ್ನೋ ಕಾನೂನಿಗೆ ಐರೋಪ್ಯ ಒಕ್ಕೂಟ ಕೊನೇ ಮುದ್ರೆ ಒತ್ತೋ ಹೊತ್ತಿಗೆ ಜರ್ಮನಿ ಅಡ್ಡ ಕೂತು, ಇ-ಫ್ಯೂಯಲ್ ಮಾತ್ರ ಕುಡಿಯೋ ಕಾರುಗಳಿಗೆ ಒಂದು ಕಿಂಡಿ ಬಿಡಿಸಿಕೊಂಡಿತು. ಆಗ ಎಲ್ಲರೂ ಬೆರಳು ತೋರಿಸ್ತಿದ್ದದ್ದು ಚಿಲಿಯ ದಕ್ಷಿಣ ತುದಿಯ ಹಾರು ಓನಿ ಘಟಕದ ಕಡೆ. ಪೋರ್ಷೆ, ಸೀಮೆನ್ಸ್ ಎನರ್ಜಿಯಂಥವರು ಸೇರಿದ ಯೋಜನೆ, 2022ರ ಡಿಸೆಂಬರಿನಲ್ಲಿ ಶುರುವಾಯಿತು. ಪ್ರಾಯೋಗಿಕ ಹಂತದ ಗುರಿ ವರ್ಷಕ್ಕೆ 1.3 ಲಕ್ಷ ಲೀಟರ್. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನಕ್ಕೆ ಬಳಸಿದ ಬೋಯಿಂಗ್ 777ರ ಟ್ಯಾಂಕಿಗೆ ಹಿಡಿಯೋದೇ 1.8 ಲಕ್ಷ ಲೀಟರ್! ವರ್ಷದ ಬೆಳೆ ಒಂದು ವಿಮಾನದ ಹೊಟ್ಟೆ ತುಂಬಿಸಲ್ಲ. ಆದರೆ ಆ ಒಂದು ಘಟಕದ ಫೋಟೋ ಇಂಜಿನ್ನು, ಗೇರ್‌ಬಾಕ್ಸು, ಸೈಲೆನ್ಸರು ಮಾಡೋ ಇಡೀ ಉದ್ಯಮಕ್ಕೆ ಕಾಲಾವಕಾಶ ಕೊಡಿಸಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಲೆಗಸಿ ಸಿಸ್ಟಮ್ ಬಿಡೋಕೆ ಮನಸ್ಸಿಲ್ಲದ ಮ್ಯಾನೇಜರು ಅದರ ಮೇಲೊಂದು ದುಬಾರಿ ವ್ರ್ಯಾಪರ್ ಬರೆಸಿ ಮಾಡರ್ನೈಸೇಷನ್ ಅಂತ ಹೆಸರಿಡೋದು.

ಇಂಧನವೇ ಬೇಡ ಅನ್ನೋ ವಾದ ನನ್ನದಲ್ಲ. ಸಮುದ್ರ ದಾಟೋ ವಿಮಾನವನ್ನು ಈಗಿನ ಬ್ಯಾಟರಿಯಲ್ಲಿ ಹಾರಿಸೋಕಾಗಲ್ಲ, ಅಷ್ಟು ತೂಕ ಎತ್ತಲ್ಲ ಅದು. ಅಲ್ಲಿ ಬೇರೆ ದಾರಿ ಕಮ್ಮಿ. ಯುರೋಪು ತನ್ನ ವಿಮಾನ ಇಂಧನದಲ್ಲಿ 2030ರಿಂದ ಶೇ 1.2ರಷ್ಟು ಹೀಗೆ ಕೃತಕವಾಗಿ ಮಾಡಿದ್ದಿರಬೇಕು, 2050ಕ್ಕೆ ಶೇ 35 ಆಗಬೇಕು ಅಂತ ನಿಯಮ ಮಾಡಿದೆ. ಸರಿ, ಮಾಡಲಿ. ಟಿಕೆಟ್ ದುಬಾರಿಯಾದರೆ ಆನ್‌ಸೈಟ್ ಹೋಗೋ ನಾವೇ ಕೊಡೋಣ.

ನಮ್ಮಲ್ಲಿ 2023ರ ಜನವರಿಯಲ್ಲಿ ಒಪ್ಪಿಗೆಯಾದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಇಟ್ಟಿರೋದು 19,744 ಕೋಟಿ ರೂಪಾಯಿ, 2030ರ ಗುರಿ ವರ್ಷಕ್ಕೆ 50 ಲಕ್ಷ ಟನ್. ಈ ದೇಶ ಈಗಾಗಲೇ ಹತ್ತಿರ ಹತ್ತಿರ ಅಷ್ಟೇ ಹೈಡ್ರೋಜನ್ ಬಳಸ್ತಿದೆ, ಬಹುಪಾಲು ರಿಫೈನರಿಗಳಲ್ಲಿ ಮತ್ತು ಗೊಬ್ಬರದ ಕಾರ್ಖಾನೆಗಳಲ್ಲಿ. ಅದನ್ನು ತೆಗೆಯೋದು ನೈಸರ್ಗಿಕ ಅನಿಲದಿಂದ, ಪ್ರತಿ ಕಿಲೋಗೆ ಒಂಬತ್ತು–ಹತ್ತು ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟು. ಹಸಿರು ಹೈಡ್ರೋಜನ್‌ನ ಮೊದಲ ಕಿಲೋ ಹೋಗಬೇಕಾದ್ದು ಅಲ್ಲಿಗೆ, ಅಪ್ಪ ಸೊಸೈಟಿಯಲ್ಲಿ ಸಾಲಿನಲ್ಲಿ ನಿಂತು ತರೋ ಗೊಬ್ಬರದ ಚೀಲಕ್ಕೆ. ನಿಮ್ಮ ಎಸ್‌ಯುವಿಗೆ ಅಲ್ಲ.

ಆರ್‌ಎಕ್ಸ್ 100 ಸದ್ದು ಕೇಳದಿದ್ದರೆ ಜೀವ ಹೋಗುತ್ತೆ ಅನ್ನೋ ಗೆಳೆಯರೂ ನನಗಿದ್ದಾರೆ. ಇ-ಪೆಟ್ರೋಲು ಪೇಟೆಗೆ ಬಂದ ದಿನ ಕೇಳಿದಷ್ಟು ದುಡ್ಡು ಕೊಟ್ಟು ಎರಡು ಲೀಟರ್ ಹಾಕಿಸ್ಕೊಳ್ಳಿ, ಭಾನುವಾರ ನಂದಿ ಬೆಟ್ಟ ಹತ್ತಿ ಇಳೀರಿ. ಸಬ್ಸಿಡಿ ಮಾತ್ರ ಕೇಳಬೇಡಿ.