ಕರುಳಿನ ರೋಗಿಗೆ ಕಾಮಾಲೆಯ ಲಸಿಕೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡಿನವರಂತೆ ಹೊಸೂರು, ತಳಿ, ಡೆಂಕಣಿಕೋಟೆಯ ಕನ್ನಡಿಗರಾದ ನಾವೂ ಗಡಿಯಾಚೆ ಉಳಿದವರು. ದೊಡ್ಡ ಕಾಯಿಲೆ ಬಂದರೆ ನೀವು ಮಂಗಳೂರಿಗೆ ಹೋಗುವಂತೆ ನಾವು ಬೆಂಗಳೂರಿಗೆ ಹೋಗುತ್ತೇವೆ. ಅಲ್ಲಿನ ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಊರಿನ ಆರೋಗ್ಯ ಕೇಂದ್ರದ ಫಲಕ ತಮಿಳಿನಲ್ಲಿ, ಮನೆಮಾತು ಕನ್ನಡದಲ್ಲಿ. ಈ ಮೂರರ ನಡುವೆ ಯಾರೂ ಕೇಳದೆ ಉಳಿದುಹೋಗುವ ಒಂದು ಪ್ರಶ್ನೆಯ ಕುರಿತು ಬರೆಯುತ್ತಿದ್ದೇವೆ.

ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎಂಬ ಎರಡು ಕಾಯಿಲೆಗಳಿವೆ. ಕರುಳಿನಲ್ಲಿ ವರ್ಷಗಟ್ಟಲೆ ಉರಿಯೂತ, ಭೇದಿ, ಹೊಟ್ಟೆನೋವು. ಎಷ್ಟೋ ಸಲ ಮಲದಲ್ಲಿ ರಕ್ತ. ಮೂಲವ್ಯಾಧಿಯೆಂದು ತಿಳಿದು ತಿಂಗಳುಗಟ್ಟಲೆ ನಾಟಿ ಮದ್ದು ತಿನ್ನುವವರೂ ಇದ್ದಾರೆ. ದೇಹದ ರೋಗನಿರೋಧಕ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುವುದರಿಂದ, ಅದನ್ನು ಅಡಗಿಸುವ ಸ್ಟೀರಾಯ್ಡ್, ಅಜಾಥಯೋಪ್ರಿನ್, ಇನ್‌ಫ್ಲಿಕ್ಸಿಮಾಬ್‌ನಂಥ ಔಷಧಿ ಕೊಡುತ್ತಾರೆ. ಔಷಧಿ ಬೇಕೇ ಬೇಕು. ಆದರೆ ಯಕೃತ್ತಿನಲ್ಲಿ ಹೆಪಟೈಟಿಸ್ ಬಿ ವೈರಸ್ ಸದ್ದಿಲ್ಲದೆ ಕುಳಿತಿದ್ದರೆ, ಕಾವಲು ಸಡಿಲವಾದೊಡನೆ ಅದು ಮತ್ತೆ ತಲೆಯೆತ್ತಬಹುದು. ಕರುಳು ಸುಧಾರಿಸುವ ಹೊತ್ತಿಗೆ ಯಕೃತ್ತು ಕೈಕೊಟ್ಟರೆ ಪ್ರಾಣಕ್ಕೇ ಅಪಾಯ.

ಆದ್ದರಿಂದ ಈ ಔಷಧಿಗಳನ್ನು ಆರಂಭಿಸುವ ಮೊದಲೇ ರಕ್ತ ಪರೀಕ್ಷೆ ಆಗಬೇಕು. ವೈರಸ್ ಇದೆಯೆಂದು ಕಂಡರೆ ಎಂಟೆಕವಿರ್, ಟೆನೊಫೋವಿರ್ ಮಾತ್ರೆಗಳು ಅದನ್ನು ಹತೋಟಿಯಲ್ಲಿಡುತ್ತವೆ. ವೈರಸ್ಸೂ ಇಲ್ಲ, ರಕ್ಷಣೆಯೂ ಇಲ್ಲವೆಂದಾದರೆ ಲಸಿಕೆ: ಸಾಮಾನ್ಯವಾಗಿ ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಇಂಥ ರೋಗಿಗಳಲ್ಲಿ ಲಸಿಕೆ ಇತರರಲ್ಲಿ ಹಿಡಿದಷ್ಟು ಹಿಡಿಯುವುದಿಲ್ಲ. ಔಷಧಿ ಆರಂಭವಾದ ಮೇಲೆ ಇನ್ನೂ ಕಡಿಮೆ. ಮೂರನೆಯದು ಮುಗಿದು ಒಂದೆರಡು ತಿಂಗಳಿಗೆ ಮತ್ತೊಮ್ಮೆ ರಕ್ತ ನೋಡಿಸಿ, ಸಾಲದಿದ್ದರೆ ಪುನಃ ಹಾಕಿಸಬೇಕಾಗುತ್ತದೆ. ಕಾಯಿಲೆ ಜೋರಾಗಿದ್ದಾಗ ಲಸಿಕೆಗೆಂದು ಚಿಕಿತ್ಸೆಯನ್ನು ತಡೆದು ನಿಲ್ಲಿಸುವುದು ಮಾತ್ರ ತಪ್ಪು.

‘ಮಕ್ಕಳಿಗೆಲ್ಲ ಸರಕಾರವೇ ಹಾಕುತ್ತದಲ್ಲ?’ ಎಂದು ಹೆತ್ತವರು ಕೇಳಬಹುದು. ಹೌದು. ಆದರೆ ಈ ಲಸಿಕೆ ದೇಶದ ಎಲ್ಲ ಶಿಶುಗಳ ಕಾರ್ಯಕ್ರಮಕ್ಕೆ ಸೇರಿದ್ದು 2011ರ ಸುಮಾರಿಗೆ. ತಮಿಳುನಾಡು, ಕೇರಳಗಳಲ್ಲಿ ಐದು ರೋಗಗಳ ಒಂದೇ ಚುಚ್ಚುಮದ್ದು ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಕರುಳಿನ ಈ ಕಾಯಿಲೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹರೆಯದಲ್ಲಿ, ಮೂವತ್ತರ ಆಸುಪಾಸಿನಲ್ಲಿ. ನಮ್ಮ ಶಾಲೆಗಳಿಂದ ಹೊರಟು ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುತ್ತಿರುವವರ ವಯಸ್ಸೂ ಅದೇ. ಅವರಲ್ಲಿ ಬಹಳಷ್ಟು ಮಂದಿ ಶೈಶವದಲ್ಲಿ ಈ ಲಸಿಕೆ ಕಂಡವರಲ್ಲ.

ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಕಾಮಾಲೆಗೂ ಲಸಿಕೆಯಿದೆ. ಅದರಲ್ಲಿ ಜೀವಂತ ವೈರಸ್ಸಿನದು, ನಿರ್ಜೀವ ವೈರಸ್ಸಿನದು ಎಂದು ಎರಡು ಬಗೆ. ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಮೊದಲನೆಯದು ಸಲ್ಲದು. ಇನ್ನು ನೆಲನೆಲ್ಲಿ. ಮದರಾಸಿನ ಸಂಶೋಧಕರು ಅದನ್ನು ಹೆಪಟೈಟಿಸ್ ಬಿಗೆ ಪ್ರಯೋಗಿಸಿ 1988ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟಿಸಿದ್ದು ನಿಜ. ಬೇರೆಡೆಯ ಪ್ರಯೋಗಗಳಲ್ಲಿ ಅದು ಸ್ಥಿರಪಡಲಿಲ್ಲ. ಅಜ್ಜಿಯ ಮೇಲಿನ ಗೌರವಕ್ಕೆ ಕುಂದಿಲ್ಲ, ಆದರೆ ಅದನ್ನು ನಂಬಿ ಲಸಿಕೆ ಬಿಡುವಂತಿಲ್ಲ.

ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಲ್ಲಿ ಆರಂಭವಾಯಿತು. ಕೃಷ್ಣಗಿರಿಗೆ 2022ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂತು. ಇಂಥ ರೋಗಿಗಳಿಗೆ ಈ ಲಸಿಕೆ ಅಲ್ಲಿ ಉಚಿತವಾಗಿ ಸಿಗಬೇಕು, ಅದರ ವಿವರ ಕನ್ನಡದಲ್ಲೂ ಗೋಡೆಯ ಮೇಲಿರಬೇಕು ಎಂಬುದು ನಮ್ಮ ಒತ್ತಾಯ. ಅಲ್ಲಿಯವರೆಗೆ ರೋಗಿಯೇ ಬಾಯಿ ಬಿಟ್ಟು ಕೇಳಬೇಕು. ಮೂರು ಚುಚ್ಚುಮದ್ದಿಗೂ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ವೈದ್ಯರ ಚೀಟಿ ತಂದು ಊರ ಹತ್ತಿರದ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬಹುದು, ಮುಂದಿನ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಕನ್ನಡದಲ್ಲೇ ಬರೆದಿಡಬಹುದು.