ಮಕ್ಕಳ ಅಂತರ್ಜಾಲವೂ ಹಿರಿಯರ ಮೌನವೂ

2025ರ ಡಿಸೆಂಬರ್ 10ರಂದು ಆಸ್ಟ್ರೇಲಿಯದಲ್ಲಿ ಒಂದು ಹೊಸ ಕಾನೂನು ಜಾರಿಗೆ ಬಂದಿತು. ಹದಿನಾರು ವರ್ಷ ತುಂಬದ ಬಾಲಕ ಬಾಲಕಿಯರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್ ಮೊದಲಾದ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳದಂತೆ ನೋಡಿಕೊಳ್ಳುವ ಹೊಣೆಯನ್ನು ಅದು ಆ ತಾಣಗಳನ್ನು ನಡೆಸುವ ಕಂಪನಿಗಳ ಮೇಲೆಯೇ ಹೊರಿಸಿತು. ತಪ್ಪಿದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರುಗಳವರೆಗೆ ದಂಡ ವಿಧಿಸಬಹುದು. ಮಗುವಿಗಾಗಲಿ ತಂದೆತಾಯಿಗಳಿಗಾಗಲಿ ದಂಡವಿಲ್ಲ. ಇಂಥದೊಂದು ಕಾನೂನು ನಮ್ಮಲ್ಲಿಯೂ ಬಂದುಬಿಟ್ಟರೆ ಮಕ್ಕಳ ಚಿಂತೆ ತೀರಿತು ಎಂದು ಬಯಸುವವರು ಅನೇಕರು. ಬಯಕೆ ಸಹಜವಾದುದೇ. ಆದರೆ ಕಾನೂನಿನಿಂದ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ವಿವೇಚಿಸದೆ ಎಲ್ಲ ಭಾರವನ್ನೂ ಅದರ ಹೆಗಲಿಗೇರಿಸಿ ನಿಶ್ಚಿಂತರಾಗುವುದು ಉಚಿತವಲ್ಲ.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಫೋನೇ ಹಲಗೆಯಾಯಿತು, ಬಳಪವಾಯಿತು. ಅದಕ್ಕೆ ಮೊದಲು ಫೋನನ್ನು ಮುಟ್ಟಬೇಡವೆಂದು ಗದರಿದ ನಾವೇ ಅದನ್ನು ಮಕ್ಕಳ ಕೈಗಿತ್ತೆವು. ಶಾಲೆಗಳು ಮತ್ತೆ ತೆರೆದುವು. ಫೋನು ಮಾತ್ರ ಹಿಂದಕ್ಕೆ ಬರಲಿಲ್ಲ. ಗ್ರಾಮಾಂತರ ಭಾರತದ ಮಕ್ಕಳನ್ನು ಕುರಿತ 2024ರ 'ಅಸರ್' ವರದಿ ಇದನ್ನು ಅಂಕೆಗಳಲ್ಲಿ ತೋರಿಸಿದೆ. ಹದಿನಾಲ್ಕರಿಂದ ಹದಿನಾರು ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿ ಸ್ಮಾರ್ಟ್‌ಫೋನನ್ನು ಬಳಸಬಲ್ಲರು. ಇವರಲ್ಲಿ ಸಮೀಕ್ಷೆಯ ಹಿಂದಿನ ವಾರ ಪಾಠಕ್ಕಾಗಿ ಬಳಸಿದವರು ನೂರಕ್ಕೆ 57. ಜಾಲತಾಣಗಳಿಗಾಗಿ ಬಳಸಿದವರು 76. ಜಾಲತಾಣಗಳನ್ನು ಬಳಸುವವರಲ್ಲಿ ತಮ್ಮ ಖಾತೆಯನ್ನು ಅಪರಿಚಿತರ ಕಣ್ಣಿಗೆ ಬೀಳದಂತೆ ಮರೆಮಾಡಿಕೊಳ್ಳುವ ಕ್ರಮವನ್ನು ಬಲ್ಲವರು ಕೇವಲ 55. ಎಂದರೆ, ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಬಾಗಿಲಿಗೆ ಅಗಣಿ ಹಾಕಲು ತಿಳಿಯದೆಯೇ ಆ ಮನೆಯಲ್ಲಿ ವಾಸವಾಗಿದ್ದಾರೆ. ಇದು ನಗರದ ಶ್ರೀಮಂತರ ಮನೆಯ ಸಮಸ್ಯೆಯೆಂದು ಇನ್ನು ಯಾರೂ ತಳ್ಳಿಹಾಕುವಂತಿಲ್ಲ.

ನಮ್ಮ ದೇಶದಲ್ಲಿ ಕಾನೂನು ಇಲ್ಲವೆಂದೂ ಅಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 67-ಬಿ ಕಲಮು, ಮಕ್ಕಳನ್ನು ಲೈಂಗಿಕ ಉದ್ದೇಶದಿಂದ ಅಂತರ್ಜಾಲದ ಸಂಬಂಧಕ್ಕೆ ಸೆಳೆಯುವುದನ್ನೂ ಅಪರಾಧವೆಂದು ಎಣಿಸುತ್ತದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ, ಮಗುವಿನ ಮೇಲೆ ಇಂಥ ಅಪರಾಧ ನಡೆದುದು ತಿಳಿದೂ ವರದಿ ಮಾಡದೆ ಸುಮ್ಮನಿರುವುದು ಸಹ ಅಪರಾಧವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಹದಿನೆಂಟು ತುಂಬದವರ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದೂ, ಮಕ್ಕಳ ಚಲನವಲನವನ್ನು ಹಿಂಬಾಲಿಸಿ ಅವರಿಗೆ ಗುರಿಯಿಟ್ಟ ಜಾಹೀರಾತುಗಳನ್ನು ಒಡ್ಡಬಾರದೆಂದೂ ವಿಧಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯ ಕಟ್ಟಳೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಅವಧಿಯನ್ನು ಕೊಡಲಾಗಿದೆ.

ಇಷ್ಟಾದರೂ ಕಾನೂನು ಮನೆಯ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ. ಜಾಲತಾಣಗಳಿಗೆ ಹದಿಮೂರು ವರ್ಷದ ಮಿತಿ ಬಹುಕಾಲದಿಂದಲೂ ಇದೆ. ಅಮೆರಿಕೆಯಲ್ಲಿ 1998ರಲ್ಲಿ ಆದ ಒಂದು ಕಾಯಿದೆಯೇ ಅದರ ಮೂಲ. ಆ ಮಿತಿಯನ್ನು ದಾಟಲು ಮಗು ಮಾಡಬೇಕಾದುದಿಷ್ಟೆ: ಹುಟ್ಟಿದ ಇಸವಿಯನ್ನು ತಪ್ಪಾಗಿ ನಮೂದಿಸುವುದು. ಅದೂ ಬೇಡ, ನಮ್ಮ ಎಷ್ಟೋ ಮನೆಗಳಲ್ಲಿ ಫೋನು ಒಬ್ಬರ ಸೊತ್ತಲ್ಲ. ತಾಯಿಯ ಖಾತೆಯಲ್ಲಿ ಮಗಳು, ಅಣ್ಣನ ಖಾತೆಯಲ್ಲಿ ತಮ್ಮ ಓಡಾಡುತ್ತಿರುವಾಗ, ಪರದೆಯ ಮುಂದೆ ಕುಳಿತವರ ವಯಸ್ಸನ್ನು ಕಂಪನಿ ತಾನೇ ಹೇಗೆ ಬಲ್ಲದು?

ಕೇಡು ಬರುವ ರೀತಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅದು ರಾಕ್ಷಸನ ವೇಷದಲ್ಲಿ ಬರುವುದಿಲ್ಲ. ಸ್ನೇಹಿತನ ವೇಷದಲ್ಲಿ ಬರುತ್ತದೆ. ಆಟವಾಡುವ ತಾಣದಲ್ಲಿ ಸಮವಯಸ್ಕನೆಂದು ಹೇಳಿಕೊಂಡು ಒಬ್ಬನು ಮಾತಿಗಾರಂಭಿಸುತ್ತಾನೆ. ಮನೆಯಲ್ಲಿ ಯಾರೂ ಆಡದ ಮೆಚ್ಚುಗೆಯ ಮಾತನ್ನಾಡುತ್ತಾನೆ. ಕೆಲವು ದಿನಗಳ ಮೇಲೆ, ಎಲ್ಲರೂ ನೋಡುವಲ್ಲಿ ಬೇಡ, ಇಬ್ಬರೇ ಮಾತನಾಡುವಲ್ಲಿಗೆ ಹೋಗೋಣವೆನ್ನುತ್ತಾನೆ. ಬಳಿಕ ಒಂದು ಗುಟ್ಟು, ಆಮೇಲೆ ಒಂದು ಚಿತ್ರ. ಚಿತ್ರ ಕೈಸೇರಿದ ಮರುಕ್ಷಣವೇ ದನಿ ಬದಲಾಗುತ್ತದೆ: ಹಣ ಕೊಡು, ಇಲ್ಲವೆ ಇನ್ನಷ್ಟು ಚಿತ್ರ ಕಳುಹಿಸು, ಕಳುಹಿಸದಿದ್ದರೆ ಇದನ್ನು ನಿನ್ನ ಶಾಲೆಯವರಿಗೆಲ್ಲ ಹಂಚುತ್ತೇನೆ. ಈಗಂತೂ ಕೃತಕ ಬುದ್ಧಿಮತ್ತೆಯ ನೆರವಿನಿಂದ, ಮಗು ಯಾವ ಚಿತ್ರವನ್ನೂ ಕಳುಹಿಸದಿದ್ದರೂ ಅದರ ಮುಖವನ್ನು ಬೇರೊಂದು ದೇಹಕ್ಕೆ ಅಂಟಿಸಿ ಬೆದರಿಸಬಹುದಾಗಿದೆ.

ಈ ಬೆದರಿಕೆಗೆ ಬಲ ಬರುವುದು ಎಲ್ಲಿಂದ? ತಂತ್ರಜ್ಞಾನದಿಂದಲ್ಲ, ಈ ಮಗು ಮನೆಯವರಿಗೆ ಹೇಳಲಾರದೆಂಬ ನಂಬಿಕೆಯಿಂದ. ಆ ನಂಬಿಕೆ ಬಹುಮಟ್ಟಿಗೆ ಹುಸಿಯಾಗುವುದಿಲ್ಲವೆಂಬುದೇ ದುಃಖದ ಸಂಗತಿ. ಮಗುವಿಗೆ ಎರಡು ಭಯಗಳಿವೆ. ಹೇಳಿದರೆ ಏಟು ಬೀಳುತ್ತದೆ, ಫೋನು ಹೋಗುತ್ತದೆ ಎಂಬುದೊಂದು. ಮನೆಯ ಮರ್ಯಾದೆ ಹೋಗುತ್ತದೆ ಎಂಬುದಿನ್ನೊಂದು. ಹೆಣ್ಣುಮಗುವಾದರೆ ಓದಿಗೇ ಸಂಚಕಾರ ಬಂದೀತೆಂಬ ಮೂರನೆಯ ಭಯವೂ ಇದೆ. ಹೀಗೆ, ಮಗುವನ್ನು ಕಾಯಲೆಂದು ನಾವು ಬೆಳೆಸಿದ ಭಯವೇ ಆ ವಂಚಕನ ಕೈಯ ಆಯುಧವಾಗುತ್ತದೆ.

ಇಲ್ಲಿ ನಮ್ಮ ಭಾಷೆಯ ಪಾಲೂ ಇದೆಯೆಂದು ಭಾಷೆಯನ್ನು ಕಲಿಸುವವನಾಗಿ ನಾನು ಹೇಳಬೇಕಾಗಿದೆ. ಹಣ ಕಳೆದುಕೊಂಡವನನ್ನು ಕುರಿತು 'ಕಳ್ಳತನವಾಯಿತು' ಎನ್ನುತ್ತೇವೆ. ಕಳ್ಳನೇ ಅಲ್ಲಿ ತಪ್ಪಿತಸ್ಥ. ಈ ಬಗೆಯ ಅನ್ಯಾಯಕ್ಕೆ ಸಿಕ್ಕಿದ ಮಗುವನ್ನು ಕುರಿತು ಮಾತ್ರ 'ಮಾನ ಹೋಯಿತು' ಎನ್ನುತ್ತೇವೆ. ತಪ್ಪು ಮಾಡಿದವನು ಆ ವಾಕ್ಯದಿಂದ ಜಾರಿಕೊಂಡು, ನೊಂದ ಮಗು ಅದರಲ್ಲಿ ಅಪರಾಧಿಯಂತೆ ಉಳಿಯುತ್ತದೆ. ಮಾತು ಅನ್ಯಾಯವನ್ನು ಹೇಗೆ ಮುಚ್ಚುತ್ತದೆ ಎಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೂ ಗಮನಿಸಿದೆ. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಅದು, ಮಕ್ಕಳನ್ನು ಬಳಸಿದ ಇಂಥ ಚಿತ್ರಗಳಿಗೆ 'ಮಕ್ಕಳ ಅಶ್ಲೀಲ ಚಿತ್ರ' ಎಂಬರ್ಥದ ರೂಢಿಯ ಹೆಸರನ್ನು ಬಿಟ್ಟು, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿಯೆಂದು ಕರೆಯಬೇಕೆಂದು ಸೂಚಿಸಿತು. ನ್ಯಾಯಾಲಯ ತಿದ್ದಿಕೊಂಡ ಈ ಮಾತನ್ನು ಮನೆಯೂ ಶಾಲೆಯೂ ತಿದ್ದಿಕೊಳ್ಳಬಾರದೆ?

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಕೇಡು ಬರುವುದಕ್ಕೆ ಮುಂಚೆಯೇ ಮಗುವಿಗೆ ಒಂದು ವಚನ ಕೊಟ್ಟಿರಬೇಕು: "ಏನೇ ಆಗಿರಲಿ, ಬಂದು ಹೇಳು, ಹೇಳಿದ್ದಕ್ಕಾಗಿ ನಿನ್ನನ್ನು ಹೊಡೆಯುವುದಿಲ್ಲ, ಬೈಯುವುದಿಲ್ಲ." ಈ ವಚನವನ್ನು ಸಣ್ಣ ಸಂಗತಿಗಳಲ್ಲಿ ಪಾಲಿಸಿ ತೋರಿಸಿದರೆ ಮಾತ್ರ ದೊಡ್ಡ ಸಂಗತಿಯಲ್ಲಿ ಮಗು ಅದನ್ನು ನಂಬೀತು. ಎರಡನೆಯದಾಗಿ, ಗುಟ್ಟು ಮಾಡೆಂದು ಹೇಳುವ ಅಪರಿಚಿತನು ಸ್ನೇಹಿತನಲ್ಲವೆಂಬ ಒಂದು ಸೂತ್ರವನ್ನು ಚಿಕ್ಕಂದಿನಲ್ಲಿಯೇ ಕಲಿಸಬೇಕು. ಮಲಗುವ ಕೋಣೆಗೆ ಫೋನು ಹೋಗದಿರುವುದು, ಖಾತೆಯನ್ನು ಮರೆಮಾಡಿಕೊಳ್ಳುವ ಕ್ರಮವನ್ನು ತಂದೆತಾಯಿಗಳೂ ಮಕ್ಕಳೂ ಜೊತೆಯಲ್ಲಿ ಕುಳಿತು ಕಲಿಯುವುದು, ಇವೂ ಅವಶ್ಯಕ. ತಂದೆತಾಯಿಗಳಿಗೆ ತಿಳಿಯದಿದ್ದರೆ ಮಗುವಿನಿಂದಲೇ ಕಲಿಯಲಿ. ಅದರಿಂದ ಹಿರಿತನಕ್ಕೆ ಕುಂದಿಲ್ಲ.

ಕೇಡು ಬಂದಾಗ ಹಣ ಕೊಡಬಾರದು, ಮತ್ತೊಂದು ಚಿತ್ರ ಕಳುಹಿಸಬಾರದು, ಬೆದರಿಕೆಯ ಸಂದೇಶಗಳನ್ನು ಅಳಿಸಬಾರದು. ಪತ್ತೆಗೆ ಅವೇ ಸಾಕ್ಷಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳೂ ಕರೆ ಮಾಡಬಹುದು. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ತಾಣದಲ್ಲಿ ಇಂಥ ದೂರನ್ನು ಹೆಸರು ತಿಳಿಸದೆಯೂ ಕೊಡಲು ಅವಕಾಶವಿದೆ. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು 2023ರಲ್ಲಿ ಆರಂಭಿಸಿದ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಉಂಟು. ಅದರಲ್ಲಿ ಚಿತ್ರ ಮಗುವಿನ ಫೋನಿನಿಂದ ಹೊರಹೋಗುವುದಿಲ್ಲ. ಅದರ ಗುರುತಿನ ಸಂಖ್ಯೆ ಮಾತ್ರ ಹೋಗಿ, ಸೇವೆಗೆ ಸೇರಿದ ತಾಣಗಳು ಆ ಗುರುತಿನಿಂದಲೇ ಚಿತ್ರವನ್ನು ಪತ್ತೆಹಚ್ಚಿ ತೆಗೆದುಹಾಕುತ್ತವೆ. ಇನ್ನೊಂದು ಎಚ್ಚರಿಕೆ: ಇತರರನ್ನು ಜಾಗೃತಗೊಳಿಸುವ ಸದುದ್ದೇಶದಿಂದಲೂ ಅಂಥ ಚಿತ್ರವನ್ನು ಯಾರಿಗೂ ರವಾನಿಸಬಾರದು. ಅದು ಕಾನೂನಿಗೆ ವಿರುದ್ಧ; ಮಗುವಿಗೂ ಎರಡನೆಯ ಗಾಯ.

ಉಪಾಧ್ಯಾಯರ ಹೊಣೆ ಇಲ್ಲಿ ಸಣ್ಣದಲ್ಲ. ಮನೆಯಲ್ಲಿ ಹೇಳಲಾರದ ಮಗು ಮೇಷ್ಟರ ಬಳಿಗೋ ಟೀಚರ ಬಳಿಗೋ ಬಂದೀತು. ತರಗತಿ ಮುಗಿದ ಮೇಲೂ ಹೋಗದೆ ಬಾಗಿಲ ಬಳಿ ನಿಂತಿರುವ, ಇದ್ದಕ್ಕಿದ್ದಂತೆ ಓದಿನಲ್ಲಿ ಹಿಂದೆ ಬಿದ್ದ, ಗೆಳೆಯರನ್ನು ತೊರೆದ ಮಗುವನ್ನು ಕರೆದು ಮಾತನಾಡಿಸಲು ಯಾವ ಸುತ್ತೋಲೆಯೂ ಬೇಕಾಗಿಲ್ಲ. ಕಂಪನಿಗಳನ್ನು ಸರಕಾರ ಬಿಗಿಯಾಗಿಯೇ ಹಿಡಿಯಲಿ. ಆಸ್ಟ್ರೇಲಿಯದ ಪ್ರಯೋಗದ ಫಲವನ್ನು ನಾವೂ ಕಾದು ನೋಡೋಣ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಬೆದರಿಕೆಯ ಸಂದೇಶವನ್ನೋದಿ ನಡುಗುತ್ತಿರುವ ಮಗುವಿಗೆ ಆ ಹೊತ್ತಿನಲ್ಲಿ ಬೇಕಾದುದು ಕಾಯಿದೆಯ ಕಲಮಲ್ಲ, ಪಕ್ಕದ ಕೋಣೆಯಲ್ಲಿ ಮಲಗಿರುವವರನ್ನು ಎಬ್ಬಿಸುವ ಧೈರ್ಯ. ಆ ಧೈರ್ಯವನ್ನು ಕೊಡುವ ಕೆಲಸ ನಮ್ಮದು.