ಗಾಳಿಯಿಲ್ಲದ ಟೈರಿಗೆ ನಮ್ಮ ದಾರಿ
ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆ ಗಾಡಿ ಓಡಿಸುವವರಿಗೆ ಬಳ್ಳಾರಿ ಜಾಲಿಯ ಮುಳ್ಳಿನ ಪರಿಚಯ ಹೊಸದಾಗಿ ಮಾಡಿಕೊಡಬೇಕಿಲ್ಲ. ಪಂಕ್ಚರ್ ಅಂಗಡಿಯವನು ಟೈರಿನ ಮೇಲೆ ಸೋಪಿನ ನೀರು ಸುರಿದು ಕಣ್ಣಿಟ್ಟು ಕೂರುತ್ತಾನೆ. ನೊರೆ ಎಲ್ಲಿ ಉಬ್ಬಿತೋ ಅಲ್ಲೇ ಮುಳ್ಳು. ಮಿಶೆಲಿನ್ ಮತ್ತು ಜನರಲ್ ಮೋಟರ್ಸ್ 2019ರಲ್ಲಿ ತೋರಿಸಿದ ‘ಅಪ್ಟಿಸ್’ ಟೈರಿನಲ್ಲಿ ಈ ಪಾಡಿಲ್ಲ. ಅದರೊಳಗೆ ಗಾಳಿಯ ಬದಲು ಬಾಗುವ ಪಟ್ಟಿಗಳು ಭಾರ ಹೊರುತ್ತವೆ. ಪಂಕ್ಚರ್ ಇಲ್ಲ, ಸಿಡಿಯುವ ಭಯವಿಲ್ಲ, ಗಾಳಿ ಹೊಡೆಸುವ ಗೋಜಿಲ್ಲ. ಆದರೆ 1888ರಲ್ಲಿ ಡನ್‌ಲಪ್ ಪೇಟೆಂಟ್ ಪಡೆದ ಗಾಳಿ ಟೈರನ್ನು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಗಾಳಿ ಹಗುರ, ಅಗ್ಗ. ಡಿಕ್ಕಿಗೆ ನಾಲ್ಕು ಮೂಟೆ ಶೇಂಗಾ ಹೇರುವ ದಿನ ಒತ್ತಡ ಹೆಚ್ಚಿಸಿಕೊಳ್ಳಬಹುದು, ಪಟ್ಟಿಗಳ ಬಿಗಿಯನ್ನು ಹಾಗೆ ಬದಲಿಸಲಾಗದು. ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುವ ಪಟ್ಟಿ ಬಿಸಿಯಾಗುತ್ತದೆ, ವೇಗ ಹೆಚ್ಚಿದಷ್ಟೂ ಇನ್ನಷ್ಟು. ಪಕ್ಕ ತೆರೆದಿದ್ದರೆ ಕೆಂಪುಮಣ್ಣಿನ ಕೆಸರು ಸಂದಿಯಲ್ಲಿ ಮೆತ್ತಿ ಒಣಗಿ, ಚಕ್ರದ ಸಮತೋಲ ಕೆಡಿಸೀತು. ಅನಂತಪುರದ ಬೇಸಿಗೆಯಲ್ಲೂ ಈ ಮಣ್ಣಿನಲ್ಲೂ ಪರೀಕ್ಷೆಯಾಗಿ ಗೆದ್ದು ಬರಲಿ. ಬಂದರೆ, ಮೊದಲು ಹಾಕಬೇಕಾದ್ದು ಹಳ್ಳಿಯಿಂದ ಬಸುರಿಯನ್ನು ನಡುರಾತ್ರಿ ಕರೆತರುವ 108 ಆಂಬುಲೆನ್ಸಿಗೆ.